ಪಟ್ಟೆಯ ಕೆಳಗಿನ ಮಂಗಳವಾರ

ಪರದೆಯ ಮೇಲೆ ಒಂದೇ ಪದ ಮೂಡಿತು: ತಿಳಿಯದು.

ಚಿನ್ಮಯೀ ಇನ್ನೊಮ್ಮೆ ಕೇಳಿದಳು. ಬೆರಳುಗಳು ಕೀಲಿಮಣೆಯ ಮೇಲೆ ಓಡಿದವು. ಮತ್ತೆ ಅದೇ ಉತ್ತರ. ತಿಳಿಯದು.

ಕಡಬ ಠಾಣೆಯ ಸಬ್ ಇನ್‌ಸ್ಪೆಕ್ಟರ್ ದಮಯಂತಿ ಪರದೆಯತ್ತ ಬಾಗಿದಳು. ಬೆಳಗ್ಗಿನಿಂದ ಕಾದು ಕುಳಿತದ್ದು ಈ ಒಂದು ಪದಕ್ಕೇ? ಆದರೆ ಚಿನ್ಮಯಿಯ ಮುಖದಲ್ಲಿ ನಿರಾಸೆಯ ಸುಳಿವಿರಲಿಲ್ಲ. ಅವಳು ನಗುತ್ತಿದ್ದಳು. ಕಣ್ಣಂಚು ಮಾತ್ರ ಒದ್ದೆಯಾಗಿತ್ತು.

“ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಹೇಳಿತು ನೋಡಿ,” ಎಂದಳು. “ಸರ್ ಮಾತಾಡಿದ ಹಾಗೆಯೇ ಉಂಟು.”

ಸರ್ ಎಂದರೆ ಕೃಷ್ಣಮೋಹನ. ಕಡಬ ಪೇಟೆಯಲ್ಲಿ ಬೇಕರಿಯ ಮೇಲಿನ ಈ ಮಹಡಿಯಲ್ಲೇ ಕುಳಿತು, ಕಂಪ್ಯೂಟರಿಗೆ ಉಸಿರು ಕೊಡುವ ಆಪರೇಟಿಂಗ್ ಸಿಸ್ಟಮ್ ಒಂದನ್ನು ಮೊದಲಿನಿಂದ ಕಟ್ಟಿದವರು. ಹಳೆಯ ಹಾಡು, ಹಳೆಯ ಚಿತ್ರಗಳನ್ನು ಕಾಪಿಡುವ ಸಂಸ್ಥೆಗಳಿಗೆಂದು ಕಟ್ಟಿದ ಆ ವ್ಯವಸ್ಥೆಗೆ ಅವರು ‘ಒರತೆ’ ಎಂದು ಹೆಸರಿಟ್ಟಿದ್ದರು. ವಿಜಯದಶಮಿಯ ಮರುದಿನ, ಶುಕ್ರವಾರ, ಕುಮಾರಧಾರೆಯ ಬಂಡೆಗಳ ನಡುವೆ ಅವರ ದೇಹ ಸಿಕ್ಕಿತ್ತು. ಅದಕ್ಕೂ ಹಿಂದಿನ ಶನಿವಾರ ಸಂಜೆಯೇ ಜೀವ ಹೋಗಿದೆ, ನೀರಿಗೆ ಬೀಳುವ ಮೊದಲೇ ತಲೆಗೆ ಪೆಟ್ಟು ಬಿದ್ದಿದೆ ಎಂದು ವೈದ್ಯರು ಬರೆದಿದ್ದರು. ಬೆಂಗಳೂರಿಗೆ ಹೊರಟಿದ್ದೇನೆ, ಹಬ್ಬ ಕಳೆದು ಬರುತ್ತೇನೆ ಎಂದು ಅವರು ಮೊದಲೇ ಎಲ್ಲರಿಗೂ ಹೇಳಿಟ್ಟಿದ್ದರಿಂದ ಅಷ್ಟು ದಿನ ಯಾರೂ ಹುಡುಕಿರಲಿಲ್ಲ.

ಕೋಣೆಯ ಮೂಲೆಯಲ್ಲಿ, ಗೋಡೆಗೆ ಒರಗಿ ನವ್ಯಾ ಕುಳಿತಿದ್ದಳು. ಗುಂಡ್ಯದ ಹುಡುಗಿ. ಕೃಷ್ಣಮೋಹನರ ಜೊತೆ ಆರು ವರ್ಷ ಇದೇ ಮಹಡಿಯಲ್ಲಿ ಕೆಲಸ ಮಾಡಿದವಳು. ನಿನ್ನೆಯಿಂದ ಪೊಲೀಸರ ವಶದಲ್ಲಿದ್ದಳು. ಬೇಕರಿಯವನು ತಂದುಕೊಟ್ಟ ಬನ್ನು ಅವಳ ಪಕ್ಕದಲ್ಲಿ ಹಾಗೆಯೇ ಒಣಗುತ್ತಿತ್ತು. ಜಡೆ ಬಿಚ್ಚಿಹೋಗಿ ಎರಡು ದಿನವಾದರೂ ಆಗಿರಬೇಕು. ದಮಯಂತಿಗೆ ಅದನ್ನು ನೋಡಿದಾಗಲೆಲ್ಲ ಬಾಚಣಿಗೆ ತೆಗೆದುಕೊಂಡು ಹೋಗಿ ಹಿಂದೆ ಕುಳಿತುಬಿಡೋಣ ಅನ್ನಿಸುತ್ತಿತ್ತು. ಖಾಕಿ ಹಾಕಿಕೊಂಡು ಅದು ಆಗದ ಮಾತು.

ಅವಳನ್ನು ಇಲ್ಲಿಗೆ ತಂದು ನಿಲ್ಲಿಸಿದ್ದು ಒಂದು ಧ್ವನಿಮುದ್ರಣ. ಈ ಕೋಣೆಯಲ್ಲಿ ನಡೆಯುವ ಚರ್ಚೆಗಳನ್ನೆಲ್ಲ ಯಂತ್ರವೇ ಹಿಡಿದಿಟ್ಟುಕೊಳ್ಳುತ್ತಿತ್ತು. ಅವುಗಳ ನಡುವೆ ನವ್ಯಾ ಕೃಷ್ಣಮೋಹನರ ಮೇಲೆ ರೇಗಿದ ಒಂದು ಕಡತ ಸಿಕ್ಕಿತ್ತು. ಅದರ ತಾರೀಕು, ಅವರು ಸತ್ತ ಅದೇ ಶನಿವಾರ ಸಂಜೆ. ‘ನೀವು ಇರುವಷ್ಟು ದಿನ ಈ ಬಾಗಿಲು ತೆರೆಯುದಿಲ್ಲ ಸರ್, ನೀವು ಹೋದ ಮೇಲೆಯೇ ತೆರೆಯುದು’ ಎಂಬ ಅವಳ ಮಾತು ಅದರಲ್ಲಿ ಸ್ಪಷ್ಟವಾಗಿತ್ತು.

ಜಗಳ ಆಡಿದ್ದು ಹೌದು, ಆದರೆ ಅದು ಆಷಾಢದ ಹೊತ್ತಿನ ಆಟಿ ತಿಂಗಳ ಮಳೆಯಲ್ಲಿ, ಶನಿವಾರ ನಾನು ಇಲ್ಲಿಗೆ ಬಂದೇ ಇಲ್ಲ ಎಂದು ನವ್ಯಾ ಹೇಳುತ್ತಲೇ ಇದ್ದಳು. ಅವಳ ಮಾತಿಗೆ ಸಾಕ್ಷಿ ಇರಲಿಲ್ಲ. ಕಡತದ ತಾರೀಕಿಗೆ ಇತ್ತು. ಸಂಜೆಯೊಳಗೆ ಅವಳನ್ನು ಪುತ್ತೂರಿನ ನ್ಯಾಯಾಲಯಕ್ಕೆ ಹಾಜರುಪಡಿಸಬೇಕು ಎಂದು ಮೇಲಿನ ಇನ್‌ಸ್ಪೆಕ್ಟರ್ ಎರಡು ಸಲ ಫೋನು ಮಾಡಿದ್ದರು. ಒಮ್ಮೆ ಕೊಲೆಯ ಆರೋಪದಲ್ಲಿ ಒಳಗೆ ಹೋದರೆ ಹೊರಗೆ ಬರುವಷ್ಟರಲ್ಲಿ ಈ ಹುಡುಗಿಯ ಬದುಕಿನಲ್ಲಿ ಏನು ಉಳಿದಿರುತ್ತದೆ ಎಂದು ದಮಯಂತಿಗೆ ಗೊತ್ತಿತ್ತು.

ಆದುದರಿಂದಲೇ ಸುಳ್ಯದಿಂದ ಚಿನ್ಮಯಿಯನ್ನು ಕರೆಸಿದ್ದು. ಅಲ್ಲಿನ ಒಂದು ಕಾಲೇಜಿನಲ್ಲಿ ಆಪರೇಟಿಂಗ್ ಸಿಸ್ಟಮ್ ಪಾಠ ಮಾಡುವವಳು, ಒಂದು ಕಾಲದಲ್ಲಿ ಕೃಷ್ಣಮೋಹನರ ಶಿಷ್ಯೆ.

“ಇದು ಎಂತದ್ದು ಮಾರಾಯ್ತಿ, ತಿಳಿಯದು ಅಂದರೆ ಖುಷಿ ಪಡುದು?” ಎಂದು ದಮಯಂತಿ ಕೇಳಿದಳು.

ಚಿನ್ಮಯೀ ಕುರ್ಚಿ ತಿರುಗಿಸಿ ಕುಳಿತಳು. ಕಡತದ ಒಳಗೆ ಇರುವುದು ಒಂದು, ಕಡತದ ಬಗ್ಗೆ ವ್ಯವಸ್ಥೆಗೆ ಗೊತ್ತಿರುವುದು ಇನ್ನೊಂದು ಎಂದು ಅವಳು ವಿವರಿಸಿದಳು. ಅದು ಯಾವಾಗ ಹುಟ್ಟಿತು, ಯಾರು ಓದಿದರು, ಯಾವಾಗ ತಿದ್ದಿದರು ಎಂಬುದೆಲ್ಲ ಎರಡನೆಯ ಬಗೆಯದು. ಅದನ್ನು ಕೇಳುವುದಕ್ಕೆ ಒಂದು ಕಿಟಕಿ ಬೇಕು. ಆ ಕಿಟಕಿಯನ್ನು ಎಲ್ಲಿ ಇಡಬೇಕು, ಅದರಿಂದ ಬರೀ ಕಣ್ಣು ಹಾಯಿಸಲು ಬಿಡಬೇಕೇ, ಕೈ ಹಾಕಲೂ ಬಿಡಬೇಕೇ ಎಂದು ಯೋಚಿಸುವುದರಲ್ಲೇ ಕೃಷ್ಣಮೋಹನರ ತಲೆ ನರೆತದ್ದು.

ಕೆಲವು ಹಳೆಯ ವ್ಯವಸ್ಥೆಗಳಲ್ಲಿ ಒಂದು ಕೆಟ್ಟ ಅಭ್ಯಾಸವಿತ್ತಂತೆ. ಗೊತ್ತಿಲ್ಲದ ಕಡೆ ಸುಮ್ಮನೆ ಸೊನ್ನೆ ತುಂಬಿಬಿಡುವುದು. ಆ ಸೊನ್ನೆಯನ್ನು ಮುಂದಿನವನು ತಾರೀಕು ಎಂದು ಓದಿದರೆ, ಎಪ್ಪತ್ತನೆಯ ಇಸವಿಯ ಜನವರಿ ಒಂದು ಎಂದು ಬರುತ್ತದೆ. ಕಳೆದ ವಾರ ತೆಗೆದ ಮಗುವಿನ ಚಿತ್ರವೂ ಅಂದೇ ಹುಟ್ಟಿದ್ದು, ಮದುವೆಯ ವಿಡಿಯೋವೂ ಅಂದೇ ಹುಟ್ಟಿದ್ದು.

“ನಮ್ಮ ಶಾಲೆಯ ಹಾಗೆ,” ಎಂದರು ಬಾಗಿಲಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ತ್ಯಾಂಪಣ್ಣ. “ಮಾಸ್ಟ್ರು ಎಲ್ಲರಿಗೂ ಜೂನ್ ಒಂದು ಬರೆದದ್ದು. ನಮ್ಮ ಕ್ಲಾಸಿನಲ್ಲಿ ಒಬ್ಬನೂ ಬೇರೆ ದಿನ ಹುಟ್ಟಲಿಲ್ಲ ಮೇಡಂ.”

ಮೂಲೆಯಲ್ಲಿದ್ದ ನವ್ಯಾಳ ತುಟಿ ಒಂದಿಷ್ಟು ಅರಳಿತು. ನಿನ್ನೆಯಿಂದ ಮೊದಲ ಸಲ.

ಕೃಷ್ಣಮೋಹನರು ಹಾಗೆ ಮಾಡಲಿಲ್ಲ, ಚಿನ್ಮಯೀ ಮುಂದುವರಿಸಿದಳು. ಅವರ ವ್ಯವಸ್ಥೆಯನ್ನು ನಾಲ್ಕು ಸಂಗತಿ ಕೇಳಬಹುದು. ಅವಕ್ಕೆ ಅವರು ಇಟ್ಟ ಹೆಸರು ಹುಟ್ಟು, ಓದು, ತಿದ್ದು, ಅರಿವು. ಕೇಳಿದ್ದರಲ್ಲಿ ಯಾವುದು ತನಗೆ ನಿಜವಾಗಿ ಗೊತ್ತು, ಯಾವುದು ಗೊತ್ತಿಲ್ಲ ಎಂದು ಅದು ಬೇರೆ ಬೇರೆಯಾಗಿ ಹೇಳುತ್ತದೆ. ಮಂಗಳೂರಿನಿಂದ ಬಂದ ಪರಿಣತರು ಕಡತವನ್ನು ಪೆನ್ ಡ್ರೈವಿಗೆ ನಕಲು ಮಾಡಿಕೊಂಡು ಹೋಗಿ, ನಕಲಿನ ಹಣೆಯಲ್ಲಿ ಕಂಡ ‘ತಿದ್ದು’ ಒಂದನ್ನೇ ಬರೆದುಕೊಂಡರು. ಈಗ ಅವಳು ಅದೇ ನಕಲನ್ನು ‘ಅರಿವು’ ಕೇಳಿದ್ದಳು. ನಕಲಿಗೆ ಅದು ಗೊತ್ತಿಲ್ಲ. ಗೊತ್ತಿಲ್ಲ ಎಂದೇ ಒಪ್ಪಿಕೊಂಡಿತು.

“ಹಾಗಾದರೆ ಅಸಲಿಗೆ?”

“ಅಸಲಿಗೆ ಗೊತ್ತಿರಲೇಬೇಕು.”

ಯಂತ್ರ ಗೋಡೆಯ ಪಕ್ಕದ ಮೇಜಿನ ಮೇಲಿತ್ತು. ಪೊಲೀಸ್ ಮೊಹರಿನ ಪಟ್ಟಿಯ ಕೆಳಗೆ ಅದರ ಹಣೆಯ ಮೇಲೆ ಒಣಗಿದ ಕುಂಕುಮ, ಅರಸಿನ. ಶಾರದಾ ಪೂಜೆಗೆ ಇಟ್ಟದ್ದು. ಸೋಮವಾರ ಮೂಲಾ ನಕ್ಷತ್ರದಂದು ಪುಸ್ತಕಗಳ ಜೊತೆ ಅದನ್ನೂ ಪೀಠದ ಮೇಲಿಟ್ಟು, ಕೀಲಿಮಣೆ ಪರದೆಗಳ ಸಮೇತ ಹಸಿರು ರೇಷ್ಮೆಯ ಪಟ್ಟೆಯಲ್ಲಿ ಮುಚ್ಚಿದ್ದರು. ಆಮೇಲೆ ದಶಮಿಯವರೆಗೆ ಓದುವಂತಿಲ್ಲ, ಬರೆಯುವಂತಿಲ್ಲ. ಆದರೆ ದೂರದ ಸಂಸ್ಥೆಗಳು ಅದನ್ನು ನಂಬಿಕೊಂಡಿದ್ದರಿಂದ ಯಂತ್ರವನ್ನು ಆರಿಸುವಂತೆಯೂ ಇರಲಿಲ್ಲ. ಪಟ್ಟೆಯ ಕೆಳಗೆ ಅದು ಗುಂಯ್ ಎನ್ನುತ್ತಲೇ ಇತ್ತು. ಶಾರದೆ ಶ್ರುತಿ ಹಿಡಿದಿದ್ದಾಳೆ ಎಂದು ಕೆಳಗಿನ ಬೇಕರಿಯವರು ಕೈಮುಗಿದು ಹೋಗುತ್ತಿದ್ದರಂತೆ.

ದಮಯಂತಿ ಮೊಹರು ಬಿಡಿಸಿದಳು. ಚಿನ್ಮಯೀ ಕುಳಿತು ಒಂದು ಸಾಲು ಬರೆದಳು.

ಉತ್ತರ ಕಣ್ಣು ಮಿಟುಕಿಸುವುದರೊಳಗೆ ಬಂತು.

ತಿದ್ದು: ಶನಿವಾರ ಸಂಜೆ. ಹುಟ್ಟು: ಮಂಗಳವಾರ ಮಧ್ಯಾಹ್ನ. ಅರಿವು: ಮಂಗಳವಾರ ಮಧ್ಯಾಹ್ನ.

ದಮಯಂತಿ ಎರಡು ಸಲ ಓದಿದಳು. ಹುಟ್ಟುವ ಮೊದಲೇ ತಿದ್ದಿದ್ದು ಹೇಗೆ? ತೊಟ್ಟಿಲಿಗೆ ಹಾಕುವ ಮೊದಲೇ ಮಗು ಶಾಲೆಗೆ ಹೋಗಿಬಂದ ಹಾಗೆ.

ನಕಲು ಮಾಡಿದಾಗ ಹಾಗಾಗುತ್ತದೆ ಎಂದಳು ಚಿನ್ಮಯೀ. ಬೇರೆಲ್ಲಿಂದಲೋ ತಂದ ಕಡತ ಈ ಯಂತ್ರದಲ್ಲಿ ಹುಟ್ಟುವುದು ತಂದ ದಿನವೇ. ಆದರೆ ‘ತಿದ್ದು’ ಎಂಬ ತಾರೀಕನ್ನು ನಮಗೆ ಬೇಕಾದಂತೆ ಬರೆಯಲು ವ್ಯವಸ್ಥೆ ಒಂದು ಬಾಗಿಲು ಇಟ್ಟಿದೆ.

“ಅಂತಹ ಬಾಗಿಲು ಯಾಕೆ ಇಟ್ಟದ್ದು?”

ಉತ್ತರ ಕೊಟ್ಟವಳು ನವ್ಯಾ. ಅದು ಸರ್ ಮಾಡಿದ ದಯೆ ಎಂದಳು. ಅವರ ಹೆಂಡತಿ ಈಶ್ವರಿಯಮ್ಮ ತವರಿನ ಹಳೆಯ ಚಿತ್ರಗಳನ್ನೆಲ್ಲ ಇಲ್ಲಿಗೆ ತುಂಬಿಸಿದಾಗ ತಾಯಿಯ ಮದುವೆಯ ಚಿತ್ರಕ್ಕೂ ಇವತ್ತಿನ ತಾರೀಕೇ ಬಿದ್ದಿತ್ತಂತೆ. ಅವರು ಬೇಸರಿಸಿಕೊಂಡರು. ಆಮೇಲೆ ಸರ್ ಆ ಬಾಗಿಲು ಮಾಡಿ, ಉಪಯೋಗಿಸುವ ಕ್ರಮವನ್ನು ಕೈಹಿಡಿದು ಕಲಿಸಿಕೊಟ್ಟರು. ಜಗಳ ಬಂದದ್ದು ಮುಂದಿನ ಬಾಗಿಲಿಗೆ. ‘ಹುಟ್ಟು’ವನ್ನೂ ಬದಲಿಸಲು ಬಿಡಿ ಎಂದು ನವ್ಯಾ ಹಟ ಹಿಡಿದಿದ್ದಳು. ಯಂತ್ರ ಕೆಟ್ಟು ಕಡತಗಳನ್ನು ಮರಳಿ ತುಂಬಿಸಿದಾಗ ಎಲ್ಲವೂ ಇವತ್ತೇ ಹುಟ್ಟಿದಂತೆ ಕಾಣುತ್ತದೆ, ಸಂಸ್ಥೆಗಳು ದೂರುತ್ತವೆ ಎಂಬುದು ಅವಳ ವಾದ. ಸರ್ ಒಪ್ಪಲಿಲ್ಲ. ಜನ ತಮ್ಮ ನೆನಪನ್ನು ಬರೆದುಕೊಳ್ಳಲು ಒಂದು ಜಾಗ ಕೊಟ್ಟಿದ್ದೇನೆ, ಯಂತ್ರದ ನೆನಪಿಗೆ ಯಾರ ಕೈಯೂ ಬೇಡ ಎಂದು ಬಿಟ್ಟರು. ಅವತ್ತೇ ಅವಳು ಆ ಮಾತು ಆಡಿದ್ದು.

ನವ್ಯಾ ಪರದೆಯನ್ನೇ ನೋಡುತ್ತಿದ್ದಳು.

“ಅವತ್ತು ನಾನು ಗೆದ್ದಿದ್ದರೆ ಇವತ್ತು ಇದನ್ನೂ ಶನಿವಾರ ಅಂತ ಮಾಡ್ತಿದ್ದರು,” ಎಂದಳು. “ಸರ್ ನನಗೆ ಸೋಲದೆ ಇದ್ದದ್ದಕ್ಕೆ ನಾನು ಉಳಿದದ್ದು.”

ಸತ್ತವರು ಬಂದು ಸಾಕ್ಷಿ ಹೇಳುವ ಕಥೆಗಳನ್ನು ದಮಯಂತಿ ಅಜ್ಜಿಯ ಬಾಯಲ್ಲಿ ಕೇಳಿದ್ದಳು. ಇಲ್ಲಿ ಸತ್ತವರು ಬಂದಿರಲಿಲ್ಲ. ಬದುಕಿದ್ದಾಗ ಒಂದು ಕಡೆ ಬಾಗಿಲು ಇಡದೆ ಗೋಡೆ ಕಟ್ಟಿ ಹೋಗಿದ್ದರು, ಅಷ್ಟೇ. ಆ ಗೋಡೆಯೇ ಈಗ ಮಾತಾಡುತ್ತಿತ್ತು.

ಒಂದು ಸಂಶಯ ಉಳಿದಿತ್ತು. ಯಂತ್ರದ ಗಡಿಯಾರವನ್ನೇ ತಿರುಗಿಸಿದ್ದರೆ? ಅದನ್ನೂ ಚಿನ್ಮಯೀ ನೋಡಿದಳು. ಗಡಿಯಾರ ತಿರುಗಿಸಿದರೆ ತಿರುಗಿಸಿದ ಗುರುತು ಉಳಿಯುತ್ತದೆ. ಆ ವಾರ ಯಾರೂ ಗಡಿಯಾರ ಮುಟ್ಟಿರಲಿಲ್ಲ.

ದಮಯಂತಿ ಪುತ್ತೂರಿನ ಇನ್‌ಸ್ಪೆಕ್ಟರಿಗೆ ಫೋನು ಮಾಡಿದಳು. ಯಂತ್ರವೇ ಶನಿವಾರ ಹಿಡಿದ ಧ್ವನಿ ಎನ್ನುವುದು ಸುಳ್ಳು, ಯಾರೋ ಹಳೆಯ ಜಗಳವನ್ನು ಮಂಗಳವಾರ ತಂದು ಇಟ್ಟು ಶನಿವಾರದ ತಾರೀಕು ಅಂಟಿಸಿದ್ದಾರೆ ಎಂದಳು. ಆ ಮಂಗಳವಾರ ನವ್ಯಾ ಪುತ್ತೂರಿನ ಆಸ್ಪತ್ರೆಯಲ್ಲಿ ತಾಯಿಯ ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗೆ ಕುಳಿತಿದ್ದಳು. ಕಾರಿಡಾರಿನ ಕ್ಯಾಮೆರಾದಲ್ಲಿ ಇಡೀ ದಿನ ಅವಳ ಮುಖವಿದೆ. ಇನ್‌ಸ್ಪೆಕ್ಟರ್ ಒಂದಷ್ಟು ಹೊತ್ತು ಗೊಣಗಿದರು. ಆಮೇಲೆ, ಕರೆದಾಗ ಬರಬೇಕು ಎಂದು ಬರೆಸಿಕೊಂಡು ಸದ್ಯ ಬಿಟ್ಟುಬಿಡಿ ಎಂದರು.

ಕೆಳಗೆ ಬೇಕರಿಯ ಬೆಂಚಿನ ಮೇಲೆ ಈಶ್ವರಿಯಮ್ಮ ಬೆಳಗ್ಗಿನಿಂದ ಕುಳಿತೇ ಇದ್ದರು. ಕೃಷ್ಣಮೋಹನರ ಹೆಂಡತಿ. ಬೋಳು ಹಣೆ, ಬೋಳು ಕೈ. ಸೂತಕದ ಮನೆಯಿಂದ ಪೇಟೆಗೆ ಬಂದದ್ದಕ್ಕೆ ನೆಂಟರು ಬೈದರೂ ಕೇಳದೆ, ನವ್ಯಾಳಿಗಾಗಿ ಬಂದಿದ್ದರು. ಇವಳು ನನ್ನ ಮನೆಯವರನ್ನು ಕೊಂದವಳಲ್ಲ ಎಂದು ಮೊದಲ ದಿನದಿಂದ ಹೇಳಿದವರು ಅವರೊಬ್ಬರೇ.

ಹುಡುಗಿಯ ತಾಯಿ ಇನ್ನೂ ಆಸ್ಪತ್ರೆಯಲ್ಲಿ, ತಂದೆ ಅಲ್ಲೇ. ಒಬ್ಬಳೇ ಗುಂಡ್ಯಕ್ಕೆ ಹೋಗಿ ಏನು ಮಾಡುವುದು ಎಂದು ಈಶ್ವರಿಯಮ್ಮನೇ ಕೇಳಿದರು. “ನಮ್ಮಲ್ಲಿ ಸೂತಕ, ಊಟಕ್ಕೆ ಕರೆಯುವ ಹಾಗಿಲ್ಲ. ಆದರೆ ಮಲಗ್ಲಿಕ್ಕೆ ಜಾಗ ಉಂಟು. ಹೋಟೆಲಿನಿಂದ ಏನಾದರೂ ಕಟ್ಟಿಸಿಕೊಳ್ತೇನೆ,” ಎಂದು ಅವಳ ಬೆನ್ನು ಸವರಿ, ಕೋಡಿಂಬಾಳದ ಮನೆಗೆ ತಮ್ಮ ಕಾರಿನಲ್ಲೇ ಕರೆದುಕೊಂಡು ಹೋದರು. ಕಾರು ತಿರುವಿನಲ್ಲಿ ಮರೆಯಾಗುವವರೆಗೆ ದಮಯಂತಿ ಕಿಟಕಿಯಲ್ಲಿ ನಿಂತು ನೋಡಿದಳು. ಎಂತಹ ಹೆಂಗಸು ಎಂದುಕೊಂಡಳು. ಗಂಡ ಹೋಗಿ ಇನ್ನೂ ದಿನ ಕಳೆದಿಲ್ಲ, ಬೇರೆಯವರ ಮಗಳ ಜಡೆಯ ಸಿಕ್ಕು ಬಿಡಿಸಲು ಹೊರಟಿದ್ದಾರೆ.

ಈಗ ಉಳಿದದ್ದು ಮಂಗಳವಾರ ಮಧ್ಯಾಹ್ನ.

ಅದು ನೈವೇದ್ಯದ ಹೊತ್ತು. ನೈವೇದ್ಯ ಇಡುವಾಗ ಬಾಗಿಲು ಹಾಕುತ್ತಾರೆ. ಒಳಗೆ ಇರುವುದು ಪೂಜೆಗೆ ಕುಳಿತವರು ಒಬ್ಬರೇ. ಉಳಿದವರು ಹೊರಗೆ ನಿಂತು ಗಂಟೆಯ ಸದ್ದಿಗೆ ಕಾಯುತ್ತಾರೆ. ಪಟ್ಟೆ ಎತ್ತಿ, ಕೆಲಸ ಮುಗಿಸಿ, ಮತ್ತೆ ಮುಚ್ಚಿ ಗಂಟೆ ಬಾರಿಸಿದರೆ ಯಾರಿಗೆ ಗೊತ್ತಾಗಬೇಕು? ಪ್ರತಿ ವರ್ಷ ಪೂಜೆಗೆ ಕುಳಿತುಕೊಳ್ಳುವವನು ಕೃಷ್ಣಮೋಹನರ ತಮ್ಮನ ಮಗ ವಿಷ್ಣುಪ್ರಸಾದ್ ಎಂದು ತ್ಯಾಂಪಣ್ಣ ಹೇಳಿದರು. ಪುತ್ತೂರಿನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡವ. ಮಕ್ಕಳಿಲ್ಲದ ದೊಡ್ಡಪ್ಪನಿಗೆ ಕೊಳ್ಳಿ ಇಟ್ಟವನೂ ಅವನೇ. ಈಗ ಕರ್ಮಕ್ಕೆಂದು ಇಲ್ಲೇ ಇದ್ದ.

ಅವನನ್ನು ಕರೆತರಲು ತ್ಯಾಂಪಣ್ಣ ಹೋದರು. ಕಾಯುವ ಹೊತ್ತಿನಲ್ಲಿ ದಮಯಂತಿ ಇನ್ನೂ ಪರದೆಯ ಮುಂದೆಯೇ ಕುಳಿತಿದ್ದಳು. ‘ಅರಿವು’ ಎಂಬ ಪದದಿಂದ ಕಣ್ಣು ಕೀಳಲಾಗಲಿಲ್ಲ. ‘ತಿದ್ದು’ ಎಂಬುದೊಂದು ಇರುವಾಗ ಇದು ಬೇರೆ ಯಾಕೆ ಬೇಕಿತ್ತು ಎಂದು ಚಿನ್ಮಯಿಯನ್ನು ಕೇಳಿದಳು.

ಚಿನ್ಮಯೀ ಕುರ್ಚಿಯನ್ನು ಅವಳ ಕಡೆ ಎಳೆದುಕೊಂಡಳು.

“ಸರ್ ಕ್ಲಾಸಿನಲ್ಲಿ ಸೂತಕದ ಉದಾಹರಣೆ ಕೊಡ್ತಿದ್ದರು. ಒಬ್ಬರು ಸತ್ತ ದಿನ ಒಂದು. ಸುದ್ದಿ ನಮ್ಮ ಕಿವಿಗೆ ಬಿದ್ದ ದಿನ ಇನ್ನೊಂದು. ಕೇಳುವವರೆಗೆ ನಮಗೆ ಸೂತಕ ಇಲ್ಲ. ಸತ್ತ ದಿನವನ್ನು ಯಾರು ಬೇಕಾದರೂ ಹೇಗೆ ಬೇಕಾದರೂ ಹೇಳಲಿ, ನಾನು ಕೇಳಿದ್ದು ಯಾವಾಗ ಅಂತ ನನಗೆ ಮಾತ್ರ ಗೊತ್ತು. ‘ಅರಿವು’ ಅಂದರೆ ಅದು. ವ್ಯವಸ್ಥೆ ತಾನು ಕೇಳಿದ ದಿನ.”

ದಮಯಂತಿ ತಲೆದೂಗಿದಳು. ಅವಳ ಮನೆಯಲ್ಲೂ ಹಾಗೊಂದು ಆಗಿತ್ತು. ಸಂಪಾಜೆಯ ಕಡೆ ಗುಡ್ಡ ಜರಿದು ರಸ್ತೆ, ಫೋನು ಎಲ್ಲ ನಿಂತ ವರ್ಷ ಅಜ್ಜಿಯ ತಂಗಿ ತೀರಿಹೋಗಿ, ಸುದ್ದಿ ಬಂದದ್ದು ಇವರ ಹೊಸ ಮನೆಯ ಒಕ್ಕಲು, ಗೃಹಪ್ರವೇಶ ಮುಗಿದ ಮೇಲೆ. ಕೇಳದೆ ಮಾಡಿದ್ದಕ್ಕೆ ದೋಷವಿಲ್ಲ ಎಂದು ಹಿರಿಯರು ತೀರ್ಮಾನಿಸಿದ್ದರು. ಕೇಳಿದ ಗಳಿಗೆಯಿಂದ ಮಾತ್ರ ಅಜ್ಜಿ ದೇವರ ಕೋಣೆಯ ಹೊಸ್ತಿಲು ತುಳಿಯಲಿಲ್ಲ. ಈ ಲೆಕ್ಕವನ್ನು ಒಬ್ಬ ಮನುಷ್ಯ ಯಂತ್ರದೊಳಗೆ ಕೂರಿಸಿದನಲ್ಲ ಎಂದು ಅವಳು ಬೆರಗಾಗಿ ಕುಳಿತಳು.

ಮೆಟ್ಟಿಲಲ್ಲಿ ಹೆಜ್ಜೆ ಸದ್ದಾಯಿತು. ವಿಷ್ಣುಪ್ರಸಾದ್ ಒಳಗೆ ಬಂದ. ಗಡ್ಡ ಬಿಟ್ಟಿದ್ದ, ಬಿಳಿ ಪಂಚೆ, ಹೆಗಲಲ್ಲಿ ಮೈಯೊರೆಸುವ ಬೈರಾಸು. ಬಾಗಿಲ ಹತ್ತಿರದ ಸ್ಟೂಲಿನಲ್ಲಿ ಅರ್ಧ ಮಾತ್ರ ಕುಳಿತ. ಪೀಠ ಇದ್ದ ಮೂಲೆಯ ಕಡೆ ಒಮ್ಮೆಯೂ ನೋಡಲಿಲ್ಲ.

ಮಂಗಳವಾರ ನೈವೇದ್ಯಕ್ಕೆ ಬಾಗಿಲು ಹಾಕಿದ ಮೇಲೆ ಒಳಗೆ ಏನು ಮಾಡಿದಿರಿ ಎಂದು ದಮಯಂತಿ ನೇರವಾಗಿ ಕೇಳಿದಳು.

ಅವನು ತಲೆಯೆತ್ತಿದ. ಆ ಮುಖದಲ್ಲಿ ಹೆದರಿಕೆಗಿಂತ ಆಯಾಸವೇ ಹೆಚ್ಚಿತ್ತು. ಈ ವರ್ಷ ತಾನು ಪೂಜೆಗೆ ಕೂರಲೇ ಇಲ್ಲ ಎಂದ. ಸೋಮವಾರದಿಂದ ಬೆನ್ನು ನೋವು, ಪುತ್ತೂರಿನಲ್ಲೇ ಮಲಗಿದ್ದೆ, ಬೇಕಾದರೆ ಮನೆಯವರನ್ನು ಕೇಳಿ. ನಿಮ್ಮಿಂದಾಗದಿದ್ದರೆ ಭಟ್ಟರನ್ನು ಕರೆಸಿಕೊಳ್ಳಿ ಎಂದು ದೊಡ್ಡಮ್ಮನಿಗೆ ಭಾನುವಾರವೇ ಹೇಳಿಕಳಿಸಿದ್ದೆ.

ದಮಯಂತಿ ಕಟ್ಟಿದ್ದೆಲ್ಲ ಒಮ್ಮೆಗೇ ಕುಸಿಯಿತು. ಸೋಮವಾರ ಬಂದ ನೋವನ್ನು ಭಾನುವಾರವೇ ಹೇಳಿಕಳಿಸಿದ ಇವನಿಗೆ ಸಾವಿನ ಅರಿವು ಆಗಲೇ ಇತ್ತು, ಸೂತಕದಲ್ಲಿ ಪೀಠದ ಮುಂದೆ ಕೂರಲು ಹೆದರಿದ್ದ; ಕುಳಿತದ್ದು ತಾರೀಕು ಬರೆಯಲು ಕಲಿತ ಈಶ್ವರಿಯಮ್ಮ, ನವ್ಯಾ ಈಗ ಇರುವುದು ಅವರ ಮನೆಯಲ್ಲಿ.